ಮಲೆನಾಡಿನಲ್ಲಿ ಕೂತು ಜಗತ್ತಿನ ಭೂಕಂಪಗಳ ಮೇಲೆ ಕಣ್ಣಿಡುವುದು ಹೇಗೆ: ಸಮಗ್ರ ಮಾರ್ಗದರ್ಶಿ

2021ರ ಜನವರಿ 21, ರಾತ್ರಿ ಹತ್ತೂಕಾಲು ದಾಟಿತ್ತು. ಶಿವಮೊಗ್ಗದಲ್ಲಿ ಭಾರೀ ಸದ್ದು ಕೇಳಿ, ನೆಲ ಅದುರಿ, ಜನ ಮನೆಬಿಟ್ಟು ಹೊರಗೋಡಿ ಬಂದರು. ಚಿಕ್ಕಮಗಳೂರು, ದಾವಣಗೆರೆ ಕಡೆಗೂ ಅದರ ಅನುಭವ ಆಗಿತ್ತು. ಎಲ್ಲರ ಬಾಯಲ್ಲೂ ಒಂದೇ ಮಾತು, ಭೂಕಂಪ. ಆಮೇಲೆ ಗೊತ್ತಾಯಿತು, ಹುಣಸೋಡು ಹತ್ತಿರ ಕಲ್ಲು ಕ್ವಾರಿಗೆ ತಂದಿದ್ದ ಸ್ಫೋಟಕ ಸಿಡಿದಿದ್ದು ಅಂತ. ಈ ಭಾಗದ ಭೂಕಂಪ ಮಾಪನ ಕೇಂದ್ರಗಳಲ್ಲಿ ಭೂಕಂಪ ದಾಖಲಾಗಿಲ್ಲ ಎಂದು ತಜ್ಞರು ಹೇಳಿದ ಮೇಲೆ ಅನುಮಾನ ಹೋಯಿತು.

ಅಂಥ ಹೊತ್ತಲ್ಲಿ ಫೋನ್ ಕೈಯಲ್ಲಿದ್ದರೂ ಹೆಚ್ಚಿನವರಿಗೆ ಎಲ್ಲಿ ನೋಡಬೇಕು ಅನ್ನೋದೇ ಗೊತ್ತಿರಲ್ಲ. ವಾಟ್ಸಾಪ್‌ನಲ್ಲಿ ಯಾರೋ 'ರಿಕ್ಟರ್ 5' ಅಂತ ಹಾಕುತ್ತಾರೆ, ಅದೇ ಊರೆಲ್ಲ ಸುತ್ತುತ್ತದೆ. ಮಾಹಿತಿ ಮಾತ್ರ ಎಲ್ಲರಿಗೂ ಪುಕ್ಕಟೆಯಾಗಿ ತೆರೆದೇ ಇದೆ. ಒಂದೇ ತೊಂದರೆ, ಎಲ್ಲ ಪ್ರಶ್ನೆಗೂ ಉತ್ತರ ಕೊಡುವ ಒಂದೇ ಜಾಗ ಇಲ್ಲ. ಜಪಾನಿನಲ್ಲಿರುವ ಮಗಳ ಊರು ಅಲುಗಿತಾ ಅಂತ ತಿಳಿಯಲು ಒಂದು ಜಾಗ, ಹೊಸನಗರದಲ್ಲಿ ಹಂಚು ಯಾಕೆ ಅಲುಗಿತು ಅಂತ ತಿಳಿಯಲು ಇನ್ನೊಂದು ಜಾಗ. ಇದಿಷ್ಟು ಮನಸ್ಸಿನಲ್ಲಿ ಕೂತರೆ ಉಳಿದದ್ದು ಸಲೀಸು.

ಹಂತ 1: ಪ್ರಶ್ನೆಗೆ ತಕ್ಕ ಜಾಗ ಆರಿಸಿಕೊಳ್ಳಿ

ಜಗತ್ತಿನ ದೊಡ್ಡ ಭೂಕಂಪಗಳಿಗೆ ಅಮೆರಿಕದ ಭೂವಿಜ್ಞಾನ ಸಂಸ್ಥೆ ಯು.ಎಸ್.ಜಿ.ಎಸ್. ಮೊದಲ ಆಯ್ಕೆ. ಇವರ ರಾಷ್ಟ್ರೀಯ ಭೂಕಂಪ ಮಾಹಿತಿ ಕೇಂದ್ರ ಕೊಲರಾಡೊದ ಗೋಲ್ಡನ್ ಊರಿನಲ್ಲಿದೆ. ವರ್ಷಕ್ಕೆ ಸುಮಾರು 20,000 ಭೂಕಂಪಗಳನ್ನು ಗುರುತಿಸುತ್ತದೆ, ಅಂದರೆ ದಿನಕ್ಕೆ 55ರ ಲೆಕ್ಕ. 'ಯು.ಎಸ್.ಜಿ.ಎಸ್. ಅರ್ಥ್‌ಕ್ವೇಕ್ಸ್' ಎಂದು ಹುಡುಕಿದರೆ ನಕ್ಷೆ ಸಿಗುತ್ತದೆ.

ಭಾರತದೊಳಗಿನದಕ್ಕೆ ದೆಹಲಿಯ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರ, ಅಂದರೆ ಎನ್.ಸಿ.ಎಸ್. ಇದು ಕೇಂದ್ರ ಭೂವಿಜ್ಞಾನ ಸಚಿವಾಲಯದ ಅಡಿ ಬರುತ್ತದೆ. 'ಭೂಕಂಪ್' ಅನ್ನೋ ಅವರದೇ ಆ್ಯಪ್ ಇದೆ, ಎಕ್ಸ್ ಖಾತೆಯೂ ಇದೆ. ಅನುಕೂಲ ಏನಂದರೆ, ಸಮಯವನ್ನು ನಮ್ಮ ಭಾರತೀಯ ಕಾಲಮಾನದಲ್ಲೇ ಕೊಡುತ್ತಾರೆ.

ಕರ್ನಾಟಕದ ಸಣ್ಣ ಕಂಪನಗಳಿಗೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಮಳೆಗಾಲದಲ್ಲಿ ಆಗುಂಬೆಯಲ್ಲಿ ಎಷ್ಟು ಮಳೆ ಬಂತು ಅಂತ ನಾವು ದಿನಾ ನೋಡೋದು ಇವರ ಲೆಕ್ಕವನ್ನೇ. ಭೂಕಂಪ ಮಾಪನ ಕೇಂದ್ರಗಳನ್ನೂ ಇವರು ನಡೆಸುತ್ತಾರೆ ಅನ್ನೋದು ಎಷ್ಟೋ ಜನರಿಗೆ ಗೊತ್ತಿಲ್ಲ. 2022ರ ಜೂನ್-ಜುಲೈನಲ್ಲಿ ಕೊಡಗಿನ ಚೆಂಬು, ಸಂಪಾಜೆ, ಪಕ್ಕದ ಸುಳ್ಯದಲ್ಲಿ ಮತ್ತೆ ಮತ್ತೆ ನೆಲ ನಡುಗಿದಾಗ ಸುದ್ದಿಯಲ್ಲಿ ಬಂದ ಅಂಕಿಗಳು ಹೆಚ್ಚಾಗಿ ಇವರದೇ. ಪರಿಮಾಣ, ಅಂದರೆ ಭೂಕಂಪ ಎಷ್ಟು ದೊಡ್ಡದು ಅಂತ ಹೇಳುವ ಅಂಕಿ, 3ರ ಆಸುಪಾಸು ಇದ್ದ ಆ ಕಂಪನಗಳನ್ನು ಅಮೆರಿಕದ ನಕ್ಷೆಯಲ್ಲಿ ಹುಡುಕಿದರೆ ಸಿಗೋದು ಕಷ್ಟ.

ಇನ್ನು, ಆದ ಒಂದೆರಡು ನಿಮಿಷದಲ್ಲೇ ಸುಳಿವು ಬೇಕು ಅಂದರೆ ಯುರೋಪಿನ ಭೂಕಂಪ ಮಾಹಿತಿ ಕೇಂದ್ರ ಇ.ಎಂ.ಎಸ್.ಸಿ. ಅವರ 'ಲಾಸ್ಟ್‌ಕ್ವೇಕ್' ಆ್ಯಪ್ ಹಾಕಿಕೊಳ್ಳಿ. ಇವರು ಯಂತ್ರಗಳನ್ನಷ್ಟೇ ನಂಬಿ ಕೂತಿಲ್ಲ. ಎಲ್ಲೋ ಒಂದು ಊರಿನಿಂದ ಇದ್ದಕ್ಕಿದ್ದ ಹಾಗೆ ನೂರಾರು ಜನ ಅವರ ಜಾಲತಾಣಕ್ಕೆ ನುಗ್ಗಿದರೆ, ಅಲ್ಲಿ ಏನೋ ಆಗಿದೆ ಎಂದು ಹಿಡಿಯುತ್ತಾರೆ. ಗಾಬರಿಬಿದ್ದ ಜನರ ಬೆರಳೇ ಇಲ್ಲಿ ಮಾಪಕ. ಬುದ್ಧಿವಂತರಪ್ಪ!

ಹಂತ 2: ನಕ್ಷೆಯನ್ನು ನಿಮಗೆ ಬೇಕಾದ ಹಾಗೆ ತಿರುಗಿಸಿ

ಯು.ಎಸ್.ಜಿ.ಎಸ್. ನಕ್ಷೆ ತೆರೆದಾಗ ಕಾಣೋದು ಹಿಂದಿನ 24 ಗಂಟೆಯಲ್ಲಿ ಆದ, 2.5 ಅಥವಾ ಅದಕ್ಕಿಂತ ಜಾಸ್ತಿ ಪರಿಮಾಣದ ಭೂಕಂಪಗಳು. ಕ್ಯಾಲಿಫೋರ್ನಿಯ, ಅಲಾಸ್ಕ ಕಡೆ ಚುಕ್ಕೆಯೋ ಚುಕ್ಕೆ. ನಮ್ಮ ಕಡೆ ಖಾಲಿ. ಇದನ್ನು ನೋಡಿ ಅಮೆರಿಕದಲ್ಲೇ ಭೂಮಿ ಜಾಸ್ತಿ ನಡುಗುತ್ತದೆ ಅಂದುಕೊಳ್ಳಬೇಡಿ. ಅಲ್ಲಿ ಮಾಪಕಗಳು ಒತ್ತೊತ್ತಾಗಿವೆ, ಹಾಗಾಗಿ ಸಣ್ಣದೂ ಪಟ್ಟಿಗೆ ಬರುತ್ತದೆ. ಬೇರೆ ದೇಶಗಳದ್ದು ಸಾಮಾನ್ಯವಾಗಿ 4.5ರ ಮೇಲಿದ್ದರಷ್ಟೇ ತಪ್ಪದೆ ಬರುತ್ತದೆ.

ಮೇಲಿನ ಮೂಲೆಯಲ್ಲಿ ಹಲ್ಲುಚಕ್ರದ ಗುರುತು ಇದೆ, ಅದನ್ನು ಒತ್ತಿ. ಮೊದಲು ಅವಧಿಯನ್ನು 7 ದಿನ, ಪರಿಮಾಣವನ್ನು 4.5 ಮಾಡಿ. ಈಗ ಚಿತ್ರ ನಿಜವಾದ ಆಕಾರಕ್ಕೆ ಬರುತ್ತದೆ. ಪೆಸಿಫಿಕ್ ಸಾಗರದ ಸುತ್ತ ಒಂದು ಉಂಗುರ, ಇಂಡೊನೇಷ್ಯದಿಂದ ಅಂಡಮಾನ್, ಮ್ಯಾನ್ಮಾರ್ ದಾಟಿ ಹಿಮಾಲಯದುದ್ದಕ್ಕೂ ಇನ್ನೊಂದು ಸಾಲು. ಅಲ್ಲೇ ಭೂಫಲಕಗಳ ಗಡಿರೇಖೆ ತೋರಿಸುವ ಆಯ್ಕೆಯೂ ಇದೆ, ಅದಕ್ಕೂ ಟಿಕ್ ಹಾಕಿ. ಚುಕ್ಕೆಗಳು ಗೆರೆಯ ಮೇಲೆಯೇ ಕೂತಿರೋದನ್ನು ಮಕ್ಕಳಿಗೆ ಒಮ್ಮೆ ತೋರಿಸಿ, ಶಾಲೆಯ ಪಾಠ ಎರಡನೇ ಸಲ ಹೇಳಬೇಕಾಗಿಲ್ಲ.

ಬಣ್ಣದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಕೆಂಪು ಚುಕ್ಕೆ ಅಂದರೆ ಭಯಂಕರ ಭೂಕಂಪ ಅಂತಲ್ಲ. ಕಳೆದ ಒಂದು ಗಂಟೆಯಲ್ಲಿ ಆಗಿದ್ದು ಅಂತ ಅಷ್ಟೇ. ಕಿತ್ತಳೆ ಅಂದರೆ ಒಂದು ದಿನದೊಳಗಿನದು, ಹಳದಿ ಅಂದರೆ ವಾರದೊಳಗಿನದು. ಎಷ್ಟು ದೊಡ್ಡದು ಅನ್ನೋದನ್ನು ಹೇಳೋದು ಚುಕ್ಕೆಯ ಗಾತ್ರ.

ಹಂತ 3: ಗಡಿಯಾರ ಸರಿಮಾಡಿಕೊಳ್ಳಿ

ಅಂತಾರಾಷ್ಟ್ರೀಯ ಪಟ್ಟಿಗಳು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣಿತ ಸಮಯದಲ್ಲಿ ಇರುತ್ತವೆ. ಅದಕ್ಕೆ 5 ಗಂಟೆ 30 ನಿಮಿಷ ಸೇರಿಸಿದರೆ ನಮ್ಮ ಸಮಯ. ಕೂಡುವುದು ಸುಲಭ, ತಾರೀಖು ಬದಲಾಗೋದನ್ನು ಮರೆಯೋದು ಅದಕ್ಕಿಂತ ಸುಲಭ. 2025ರಲ್ಲಿ ರಷ್ಯದ ಕಮ್ಚಾಟ್ಕ ಕರಾವಳಿಯಲ್ಲಿ 8.8ರ ಭೂಕಂಪ ಆಯಿತಲ್ಲ, ಅದು ಪಟ್ಟಿಯಲ್ಲಿ ಜುಲೈ 29ರ 23:24 ಎಂದಿದೆ. ನಮಗೆ ಅದು ಜುಲೈ 30ರ ಬೆಳಗಿನ ಜಾವ 4:54. ಪತ್ರಿಕೆ 30 ಅನ್ನುತ್ತದೆ, ಪಟ್ಟಿ 29 ಅನ್ನುತ್ತದೆ, ಇವು ಎರಡು ಬೇರೆ ಭೂಕಂಪ ಅಲ್ಲ. ಯು.ಎಸ್.ಜಿ.ಎಸ್. ಸೆಟ್ಟಿಂಗ್‌ನಲ್ಲಿ ಸ್ಥಳೀಯ ಸಮಯ ಆರಿಸಿಕೊಂಡರೆ ಈ ತಲೆನೋವು ಇರಲ್ಲ.

ಹಂತ 4: ಒಂದು ಭೂಕಂಪದ ಪುಟವನ್ನು ಪೂರ್ತಿ ಓದಿ

ಪಟ್ಟಿಯಲ್ಲಿ ಯಾವುದಾದರೂ ಹೆಸರು ಒತ್ತಿದರೆ ಅದರದೇ ಪುಟ ತೆರೆಯುತ್ತದೆ. ಹೆಚ್ಚಿನವರು ದಪ್ಪ ಅಕ್ಷರದ ಅಂಕಿ ನೋಡಿ ವಾಪಸ್ ಬರುತ್ತಾರೆ. ನನ್ನ ಪ್ರಕಾರ ಆ ಅಂಕಿಯೊಂದನ್ನೇ ಹಿಡಿದುಕೊಂಡರೆ ಏನೂ ತಿಳಿಯಲ್ಲ.

ಪರಿಮಾಣ ಒಂದು ಅಂಕ ಏರಿದರೆ ಅಲೆಯ ಎತ್ತರ 10 ಪಟ್ಟು, ಹೊರಬೀಳುವ ಶಕ್ತಿ ಸುಮಾರು 32 ಪಟ್ಟು. 6 ಮತ್ತು 8ರ ನಡುವೆ ಶಕ್ತಿಯಲ್ಲಿ ಸಾವಿರ ಪಟ್ಟು ಅಂತರ. ಸರಿ. ಆದರೆ ಅದರ ಕೆಳಗೆ ಬರೆದಿರುವ ಆಳವನ್ನೂ ನೋಡಿ. 2015ರ ಅಕ್ಟೋಬರ್ 26ರಂದು ಅಫ್ಘಾನಿಸ್ತಾನದ ಹಿಂದೂಕುಶ್‌ನಲ್ಲಿ 7.5ರ ಭೂಕಂಪ ಆಯಿತು. ದೆಹಲಿಯವರೂ ಕಚೇರಿ ಬಿಟ್ಟು ಹೊರಗೆ ಬಂದಿದ್ದರು. ಆಳ 200 ಕಿ.ಮೀ.ಗಿಂತ ಜಾಸ್ತಿ, ಸತ್ತವರು ಸುಮಾರು 400. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರ್ ಬಳಿಯ ಕಿಲ್ಲಾರಿಯಲ್ಲಿ ಆಗಿದ್ದು 6.2. ಶಕ್ತಿಯ ಲೆಕ್ಕದಲ್ಲಿ ಹಿಂದೂಕುಶ್‌ನದು ಅದರ 90 ಪಟ್ಟು. ಆದರೂ ಕಿಲ್ಲಾರಿಯಲ್ಲಿ ಹತ್ತಿರಹತ್ತಿರ ಹತ್ತು ಸಾವಿರ ಜನ ಹೋದರು. ಅದು ನೆಲದ ಮೇಲ್ಪದರದಲ್ಲೇ ಆಗಿತ್ತು, ಕಲ್ಲು-ಮಣ್ಣಿನ ಗೋಡೆಯ ಮನೆಗಳಲ್ಲಿ ಜನ ಗಾಢ ನಿದ್ದೆಯಲ್ಲಿದ್ದರು.

0ಯಿಂದ 70 ಕಿ.ಮೀ. ತನಕ ಇದ್ದರೆ ಮೇಲ್ಮಟ್ಟದ ಭೂಕಂಪ, 70ರಿಂದ 300 ಮಧ್ಯಮ, ಅದಕ್ಕಿಂತ ಕೆಳಗೆ 700ರ ತನಕ ಆಳದ್ದು. ಪಟ್ಟಿಯಲ್ಲಿ ಸಾಲುಸಾಲಾಗಿ '10 ಕಿ.ಮೀ.' ಅಂತ ಕಾಣುತ್ತದೆ, ಗಮನಿಸಿದ್ದೀರಾ? ಎಲ್ಲವೂ ಕರೆಕ್ಟಾಗಿ ಹತ್ತೇ ಕಿಲೋಮೀಟರ್ ಕೆಳಗೆ ಆಗಿರೋದಿಲ್ಲ. ಮೇಲ್ಮಟ್ಟದ್ದು ಅಂತ ಗೊತ್ತು, ಆಳ ನಿಖರವಾಗಿ ಸಿಕ್ಕಿಲ್ಲ ಅನ್ನುವಾಗ ಲೆಕ್ಕಕ್ಕೆ ಇಟ್ಟುಕೊಳ್ಳುವ ಅಂಕಿ ಅದು.

ಇನ್ನೊಂದು, ಪರಿಶೀಲನೆಯ ಸ್ಥಿತಿ. 'ಆಟೊಮ್ಯಾಟಿಕ್' ಎಂದಿದ್ದರೆ ಕಂಪ್ಯೂಟರ್ ತಾನೇ ಹಾಕಿದ ಲೆಕ್ಕ. 'ರಿವ್ಯೂಡ್' ಎಂದಿದ್ದರೆ ಭೂಕಂಪ ತಜ್ಞರೊಬ್ಬರು ನೋಡಿದ್ದಾರೆ. ಕಮ್ಚಾಟ್ಕದ್ದು ಮೊದಲು 8.0 ಎಂದು ಬಂದು, ಆಮೇಲೆ 8.7 ಆಗಿ, ಕೊನೆಗೆ 8.8ಕ್ಕೆ ನಿಂತಿತು. ಅಂಕಿ ಬದಲಾಯಿತು ಅಂತ ಯಾರೋ ಏನೋ ಮುಚ್ಚಿಡುತ್ತಿದ್ದಾರೆ ಅಂದುಕೊಳ್ಳೋದು ಬೇಡ. ದೂರದ ಕೇಂದ್ರಗಳ ಅಲೆ ತಲುಪಿದ ಹಾಗೆಲ್ಲ ಲೆಕ್ಕ ತಿದ್ದುತ್ತಾ ಹೋಗುತ್ತಾರೆ. ಎನ್.ಸಿ.ಎಸ್. 5.1, ಯು.ಎಸ್.ಜಿ.ಎಸ್. 4.9 ಅಂದರೂ ಅಷ್ಟೇ. ಒಬ್ಬೊಬ್ಬರು ಬಳಸುವ ಕೇಂದ್ರಗಳು, ಅಳೆಯುವ ವಿಧಾನ ಬೇರೆ. ಒಂದೆರಡು ದಶಾಂಶದ ವ್ಯತ್ಯಾಸಕ್ಕೆ ಜಗಳ ಬೇಡ.

ದೂರದ ದೇಶದಲ್ಲಿ ನಮ್ಮವರು ಇದ್ದರೆ ಅದೇ ಪುಟದ 'ಶೇಕ್‌ಮ್ಯಾಪ್' ತೆರೆಯಿರಿ. ಯಾವ ಊರಿನಲ್ಲಿ ಎಷ್ಟು ಜೋರಾಗಿ ಅಲುಗಿದೆ ಅನ್ನೋದನ್ನು ಬಣ್ಣದಲ್ಲಿ ತೋರಿಸುತ್ತದೆ. ಪಕ್ಕದಲ್ಲಿ 'ಪೇಜರ್' ಅಂತ ಇರುತ್ತದೆ. ಹಸಿರು, ಹಳದಿ, ಕಿತ್ತಳೆ, ಕೆಂಪು ಎಂಬ ನಾಲ್ಕು ಬಣ್ಣದಲ್ಲಿ ಸಾವುನೋವು, ನಷ್ಟದ ಅಂದಾಜು ಹೇಳುತ್ತದೆ. ಇಲ್ಲಿ ಮಾತ್ರ ಕೆಂಪು ಅಂದರೆ ನಿಜಕ್ಕೂ ಕೆಟ್ಟ ಸುದ್ದಿ. ಹಸಿರು ಇದ್ದರೆ ಅಮ್ಮನಿಗೆ 'ಗಾಬರಿ ಆಗಬೇಡ, ಫೋನ್ ಸಿಗುತ್ತೆ ಇರು' ಅಂತ ಧೈರ್ಯವಾಗಿ ಹೇಳಬಹುದು.

ಹಂತ 5: ನಮ್ಮೂರ ಸುತ್ತ ಒಂದು ವೃತ್ತ ಎಳೆಯಿರಿ

ನನಗೆ ತುಂಬಾ ಇಷ್ಟವಾದ ಭಾಗ ಇದು. ಯು.ಎಸ್.ಜಿ.ಎಸ್. ತಾಣದಲ್ಲಿ 'ಸರ್ಚ್ ಅರ್ಥ್‌ಕ್ವೇಕ್ ಕ್ಯಾಟಲಾಗ್' ಎಂಬ ಪುಟ ಇದೆ. ಅದರಲ್ಲಿ ವೃತ್ತದೊಳಗೆ ಹುಡುಕುವ ಆಯ್ಕೆಗೆ ಹೋಗಿ. ಅಕ್ಷಾಂಶ 13.93, ರೇಖಾಂಶ 75.57 ಎಂದು ಹಾಕಿ, ಅದು ಶಿವಮೊಗ್ಗ. ತ್ರಿಜ್ಯ 500 ಕಿ.ಮೀ. ಆರಂಭದ ದಿನಾಂಕ 1960ರ ಜನವರಿ 1, ಪರಿಮಾಣ 4ರಿಂದ ಮೇಲೆ. ಹುಡುಕಿ.

ಕಿಲ್ಲಾರಿ ಈ ವೃತ್ತದ ಒಳಗೇ ಬರುತ್ತದೆ, ನೇರ ದೂರ 470 ಕಿ.ಮೀ. ಆಸುಪಾಸು. ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟು ಇನ್ನೂ ಹತ್ತಿರ, ಸುಮಾರು 430 ಕಿ.ಮೀ. ಪಟ್ಟಿಯ ಚುಕ್ಕೆಗಳು ಕೊಯ್ನಾ ಸುತ್ತಲೇ ಗುಂಪುಗಟ್ಟಿರೋದು ಕಾಣುತ್ತದೆ. ಅಲ್ಲಿ 1962ರಿಂದ ಜಲಾಶಯಕ್ಕೆ ನೀರು ತುಂಬಿಸಲು ಶುರುಮಾಡಿದ ಮೇಲೆ ಕಂಪನ ಹೆಚ್ಚಾಯಿತು. 1967ರ ಡಿಸೆಂಬರ್ 11ರಂದು 6.3ರ ಭೂಕಂಪವೇ ಆಯಿತು. ಜಲಾಶಯದ ನೀರು ಪ್ರಚೋದಿಸಿದ ಭೂಕಂಪಕ್ಕೆ ಜಗತ್ತಿನ ತಜ್ಞರು ಇಂದಿಗೂ ಕೊಡುವ ಉದಾಹರಣೆ ಅದು. ಕೆರೆಯ ಭಾರ ಒಂದು ಕಡೆ, ಬಿರುಕುಗಳಿಗೆ ಇಳಿದ ನೀರಿನ ಒತ್ತಡ ಇನ್ನೊಂದು ಕಡೆ. ಮೊದಲೇ ಬಿಗಿದು ಕೂತಿದ್ದ ಬಿರುಕು ಇದರಿಂದ ಜಾರುತ್ತದೆ.

ಹಾಗಾದರೆ ಲಿಂಗನಮಕ್ಕಿ? ಈ ಪ್ರಶ್ನೆ ನಮ್ಮ ಕಡೆ ಬಂದೇ ಬರುತ್ತದೆ. ಜಲಾಶಯ ಇದ್ದಲ್ಲೆಲ್ಲ ಕೊಯ್ನಾ ಆಗಲ್ಲ, ಕೆಳಗೆ ಅಂಥ ಬಿಗಿದ ಬಿರುಕು ಇರಬೇಕು. ನಾವು ಕೂತಿರುವ ಧಾರವಾಡ ಶಿಲಾಸ್ತೋಮ 250 ಕೋಟಿ ವರ್ಷಕ್ಕೂ ಹಳೆಯದು, ಫಲಕಗಳ ಗಡಿಯಿಂದ ಬಹಳ ದೂರ. ಕಂಪನ ಅಪರೂಪ ಅನ್ನಬಹುದು, ಆಗೋದೇ ಇಲ್ಲ ಅನ್ನೋ ಹಾಗಿಲ್ಲ. ಕಿಲ್ಲಾರಿಯವರೂ ಗಡಿಯಿಂದ ದೂರವೇ ಇದ್ದರು. ಜಲಾಶಯದ ಮಟ್ಟ 1819 ಅಡಿ ಮುಟ್ಟಿದ ವಾರವೇ ಎಲ್ಲೋ ಸಣ್ಣ ಕಂಪನ ಆಯಿತು ಅಂತ ಎರಡಕ್ಕೂ ಗಂಟು ಹಾಕೋಕೆ ಹೋಗಬೇಡಿ. ಹಲವು ವರ್ಷದ ನೀರಿನ ಮಟ್ಟ, ಹಲವು ವರ್ಷದ ಕಂಪನ ಪಕ್ಕಪಕ್ಕ ಇಟ್ಟು ನೋಡಿದರೆ ಮಾತ್ರ ಏನಾದರೂ ಹೇಳಬಹುದು.

ಈ ಪಟ್ಟಿಯನ್ನು ಸಿಎಸ್‌ವಿ ಫೈಲ್ ಆಗಿ ಇಳಿಸಿಕೊಂಡು ಗೂಗಲ್ ಶೀಟ್ಸ್‌ನಲ್ಲಿ ತೆರೆಯಬಹುದು. ಅಲ್ಲಿನ ಸಮಯವೂ ಯುಟಿಸಿಯೇ. ಇನ್ನೊಂದು ಎಚ್ಚರ: 1970ಕ್ಕಿಂತ 2010ರ ಮೇಲೆ ಸಾಲುಗಳು ಜಾಸ್ತಿ ಕಂಡರೆ ಭೂಮಿ ಕೆಟ್ಟಿದೆ ಅಂತಲ್ಲ. ಮಾಪಕಗಳು ಜಾಸ್ತಿಯಾಗಿವೆ.

ಹಂತ 6: ನೆಲ ಅಲುಗಿದ ಹಾಗೆ ಅನ್ನಿಸಿದಾಗ

ಒಂದು ಮಧ್ಯಾಹ್ನ ಸ್ಟ್ಯಾಂಡಿನ ತಟ್ಟೆಗಳು ಗಲಗಲ ಅಂದವು, ಅಟ್ಟದ ಮೇಲಿನ ಡಬ್ಬ ಜರುಗಿತು ಅಂದುಕೊಳ್ಳಿ. ಸುರಕ್ಷಿತ ಜಾಗಕ್ಕೆ ಹೋದ ಮೇಲೆ ಮೊದಲ ಕೆಲಸ, ಗಡಿಯಾರ ನೋಡಿ ನಿಮಿಷ ಬರೆದಿಟ್ಟುಕೊಳ್ಳುವುದು. ಆಮೇಲೆ ಎಷ್ಟು ಸೆಕೆಂಡ್ ಇತ್ತು, ಸದ್ದು ಮೊದಲೋ ಅಲುಗಾಟ ಮೊದಲೋ, ಯಾವ ವಸ್ತು ಹೇಗೆ ಅಲುಗಿತು. ಪಕ್ಕದ ಮನೆಯವರನ್ನು ಮಾತಾಡಿಸುವ ಮೊದಲೇ ಬರೆಯಿರಿ, ಇಲ್ಲದಿದ್ದರೆ ಅವರ ಮಾತು ನಿಮ್ಮ ನೆನಪಿಗೆ ಸೇರಿಕೊಳ್ಳುತ್ತದೆ.

ಆಮೇಲೆ ಎನ್.ಸಿ.ಎಸ್. ಆ್ಯಪ್, ರಾಜ್ಯ ಉಸ್ತುವಾರಿ ಕೇಂದ್ರದ ಪ್ರಕಟಣೆ ನೋಡಿ. ಸಣ್ಣದಾದರೆ ಪಟ್ಟಿಗೆ ಬರಲು ಅರ್ಧ ಗಂಟೆಯೂ ಹಿಡಿಯಬಹುದು, ಸ್ವಲ್ಪ ತಾಳಿ. ಬಹಳ ಹೊತ್ತಾದರೂ ಏನೂ ಬರಲಿಲ್ಲ ಅಂದರೆ ಕ್ವಾರಿ ಸ್ಫೋಟದ ಸಾಧ್ಯತೆ ಯೋಚಿಸಿ. ದಿನಾ ಒಂದೇ ಹೊತ್ತಿಗೆ, ಅದೂ ಹಗಲಲ್ಲಿ ಆಗುತ್ತಿದ್ದರೆ ಹೆಚ್ಚುಕಮ್ಮಿ ಅದೇ. ಭೂಮಿ ಕೆಲಸದ ವೇಳೆ ನೋಡಿಕೊಂಡು ನಡುಗಲ್ಲ ಅಲ್ವಾ? ತೀರಾ ಸಣ್ಣ, ತೀರಾ ಮೇಲ್ಮಟ್ಟದ ಕಂಪನಗಳಲ್ಲೂ ಗುಡುಗಿನಂಥ ಸದ್ದು ಕೇಳುವುದುಂಟು. ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ 2021ರಲ್ಲಿ ಜನ ಮನೆಯೊಳಗೆ ಮಲಗಲು ಹೆದರಿದ್ದು ಅಂಥ ಸದ್ದು, ನಡುಕಕ್ಕೇ. ಹಾಗಾಗಿ ಸದ್ದು ಬಂದಿದ್ದರಿಂದ ಸ್ಫೋಟವೇ ಅಂತಲೂ ತೀರ್ಮಾನಿಸಬೇಡಿ.

ನಿಮ್ಮ ಅನುಭವವನ್ನು ದಾಖಲಿಸಿ. ಯು.ಎಸ್.ಜಿ.ಎಸ್. ತಾಣದಲ್ಲಿ 'ಡಿಡ್ ಯು ಫೀಲ್ ಇಟ್' ಎಂಬ ಪ್ರಶ್ನಾವಳಿ ಇದೆ, ಪಟ್ಟಿಯಲ್ಲಿ ಇಲ್ಲದ ಕಂಪನಕ್ಕೂ ವರದಿ ಕೊಡಬಹುದು. ಇಂಗ್ಲಿಷ್ ಕಷ್ಟ ಅನ್ನುವವರಿಗೆ ಲಾಸ್ಟ್‌ಕ್ವೇಕ್ ವಾಸಿ, ಅಲ್ಲಿ ವ್ಯಂಗ್ಯಚಿತ್ರಗಳಿವೆ. ನಿಮಗಾದ ಹಾಗೇ ಇರುವ ಚಿತ್ರವನ್ನು ಮುಟ್ಟಿದರೆ ಸಾಕು. ಮಾಪಕಗಳು ಕಡಿಮೆ ಇರುವ ನಮ್ಮಂಥ ಕಡೆಯಿಂದ ಹೋಗುವ ಪ್ರತಿ ವರದಿಗೂ ಬೆಲೆ ಇದೆ.

ಹಂತ 7: ಎಚ್ಚರಿಕೆ ಬರುವ ಹಾಗೆ ಮಾಡಿ, ಆದರೆ ಅಳತೆಯಲ್ಲಿ

ಎಲ್ಲ ಆ್ಯಪ್‌ನಲ್ಲೂ ಎಲ್ಲ ಎಚ್ಚರಿಕೆ ಹಾಕಿಕೊಂಡರೆ ಎರಡೇ ದಿನಕ್ಕೆ ಬೇಜಾರಾಗಿ ಆ್ಯಪ್ ತೆಗೆದುಹಾಕುತ್ತೀರಿ. ಜಗತ್ತಿಗೆ 6.5, ಭಾರತಕ್ಕೆ 4.5, ಕರ್ನಾಟಕಕ್ಕೆ ಎಷ್ಟಿದ್ದರೂ ಸರಿ ಅಂತ ಇಟ್ಟುಕೊಂಡರೆ ಹದವಾಗಿರುತ್ತದೆ. ಯು.ಎಸ್.ಜಿ.ಎಸ್.ನ ಇಮೇಲ್ ಸೇವೆಯಲ್ಲಿ ಹಗಲಿಗೆ ಒಂದು ಮಿತಿ, ರಾತ್ರಿಗೆ ಇನ್ನೊಂದು ಮಿತಿ ಇಡಬಹುದು. ನಿದ್ದೆಗೆ ಬೆಲೆ ಕೊಡುವವರು ಮಾಡಿದ ವ್ಯವಸ್ಥೆ.

ಆಂಡ್ರಾಯ್ಡ್ ಫೋನಿನ ಭೂಕಂಪ ಎಚ್ಚರಿಕೆ ಬೇರೆ ಥರದ್ದು. ಇದು 2023ರ ಸೆಪ್ಟೆಂಬರ್‌ನಲ್ಲಿ ಭಾರತಕ್ಕೆ ಬಂತು. ಸುತ್ತಲಿನ ಸಾವಿರಾರು ಫೋನುಗಳ ಸಂವೇದಕಗಳು ಒಟ್ಟಿಗೆ ಅಲುಗಾಟ ಹಿಡಿದರೆ, ಜೋರಾದ ಅಲೆ ಬರುವ ಕೆಲವು ಸೆಕೆಂಡ್ ಮೊದಲು ಫೋನ್ ಕೂಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಸುರಕ್ಷತೆ ಮತ್ತು ತುರ್ತುಸ್ಥಿತಿ ವಿಭಾಗಕ್ಕೆ ಹೋಗಿ ಆನ್ ಇದೆಯಾ ನೋಡಿ. ಇದು ಮುನ್ಸೂಚನೆ ಅಲ್ಲ, ಭೂಕಂಪ ಆಗಲೇ ಶುರುವಾಗಿರುತ್ತದೆ. ಇಂಥ ದಿನ, ಇಂಥ ಊರಲ್ಲಿ ಆಗುತ್ತದೆ ಎಂದು ಮೊದಲೇ ಹೇಳುವ ವಿದ್ಯೆ ಯಾರ ಹತ್ತಿರವೂ ಇಲ್ಲ. ಗ್ರಹಗಳ ಸಾಲು ತೋರಿಸಿ ತಾರೀಖು ಕೊಡುವ ಫಾರ್ವರ್ಡ್ ಬಂದರೆ ಸುಮ್ನೆ ಡಿಲೀಟ್ ಮಾಡಿ.

ಹೊನ್ನಾವರ, ಕುಂದಾಪುರದ ಕಡೆ ನೆಂಟರಿದ್ದರೆ ಹೈದರಾಬಾದಿನ ಇನ್ಕಾಯ್ಸ್ ತಾಣವನ್ನೂ ಉಳಿಸಿಟ್ಟುಕೊಳ್ಳಿ. 2004ರ ಸುನಾಮಿಯ ನಂತರ, 2007ರಿಂದ ದೇಶದ ಸುನಾಮಿ ಎಚ್ಚರಿಕೆ ಕೇಂದ್ರ ಅಲ್ಲಿದೆ. ಅರಬ್ಬೀ ಸಮುದ್ರಕ್ಕೆ ಸುನಾಮಿ ಬರಲ್ಲ ಅನ್ನೋ ಮಾತು ನಂಬಬೇಡಿ. 1945ರ ನವೆಂಬರ್‌ನಲ್ಲಿ ಪಾಕಿಸ್ತಾನದ ಮಕ್ರಾನ್ ಕರಾವಳಿಯ ಭೂಕಂಪದ ಅಲೆ ಮುಂಬೈ ತನಕ ಬಂದಿತ್ತು.

ಹಂತ 8: ಅಲೆಯನ್ನೇ ನೋಡಿ

ಪಟ್ಟಿ ನೋಡಿ ರೂಢಿಯಾದವರಿಗೆ ಮುಂದಿನ ರುಚಿ ಇದು. ಎಲ್ಲೋ ಇರುವ ಮಾಪಕದ ಗೆರೆಯನ್ನು ನೇರವಾಗಿ ನೋಡಬಹುದು. ಅಮೆರಿಕದ ಅರ್ಥ್‌ಸ್ಕೋಪ್ ಸಂಸ್ಥೆಯ 'ಸ್ಟೇಷನ್ ಮಾನಿಟರ್', ಹವ್ಯಾಸಿಗಳ 'ರಾಸ್‌ಬೆರಿ ಶೇಕ್' ಜಾಲ, ಎರಡನ್ನೂ ನೋಡೋದು ಪುಕ್ಕಟೆ. ಮೊದಲು ಸಣ್ಣದಾಗಿ ನಡುಗುವುದು ಪಿ ಅಲೆ, ಆಮೇಲೆ ದೊಡ್ಡದಾಗಿ ಏಳುವುದು ಎಸ್ ಅಲೆ. ಹತ್ತಿರದ ಭೂಕಂಪವಾದರೆ ಇವೆರಡರ ನಡುವಿನ ಸೆಕೆಂಡುಗಳನ್ನು 8ರಿಂದ ಗುಣಿಸಿ, ಕಿಲೋಮೀಟರಿನಲ್ಲಿ ಸುಮಾರು ದೂರ ಸಿಗುತ್ತದೆ. 15 ಸೆಕೆಂಡ್ ಅಂತರ ಇದ್ದರೆ 120 ಕಿ.ಮೀ. ದೂರದ್ದಕ್ಕೆ ಈ ಲೆಕ್ಕ ನಡೆಯಲ್ಲ. ಕಮ್ಚಾಟ್ಕ ಇಲ್ಲಿಂದ 8,400 ಕಿ.ಮೀ. ಆಸುಪಾಸು; ಅಲ್ಲಿಂದ ಪಿ ಅಲೆ ಭೂಮಿಯ ಒಳಗಿನಿಂದ ನಮ್ಮ ಕಾಲ ಕೆಳಗೆ ಬರಲು ಸುಮಾರು 12 ನಿಮಿಷ ಬೇಕು. ನಮಗೆ ಏನೂ ಗೊತ್ತಾಗಲ್ಲ, ಮಾಪಕಕ್ಕೆ ಚೆನ್ನಾಗಿ ಗೊತ್ತಾಗುತ್ತದೆ. ನಮ್ಮ ರಾಜ್ಯದ ಗೌರಿಬಿದನೂರಿನಲ್ಲಿ 1965ರಿಂದಲೇ ಇರುವ ಮಾಪಕಗಳ ಸಾಲು ದೂರದೇಶಗಳ ಅಣುಪರೀಕ್ಷೆಯ ಕಂಪನವನ್ನೂ ಹೀಗೇ ಹಿಡಿಯುತ್ತದೆ.

ಶಾಲೆ, ಕಾಲೇಜಿಗೆ ಒಂದು ರಾಸ್‌ಬೆರಿ ಶೇಕ್ ಮಾಪಕ ತರಿಸುವ ಯೋಚನೆ ಇದ್ದರೆ ಜಾಗದ ಬಗ್ಗೆ ಎರಡು ಮಾತು. ನೆಲಮಹಡಿಯ ಗಟ್ಟಿ ಕಾಂಕ್ರೀಟ್ ಮೇಲೆ ಇಡಿ, ಮಹಡಿ ಮೇಲೆ ಬೇಡ. ಬಸ್ಸು ಓಡಾಡುವ ರಸ್ತೆ, ಪಂಪ್‌ಸೆಟ್, ಫ್ರಿಜ್‌ನಿಂದ ಆದಷ್ಟು ದೂರ ಇರಲಿ. ಜೂನ್ ಬಂದ ಮೇಲೆ ಗೆರೆ ದಪ್ಪಗಾದರೆ ಯಂತ್ರ ಕೆಟ್ಟಿತು ಅಂದುಕೊಳ್ಳಬೇಡಿ. ಮುಂಗಾರಿನ ಕಡಲ ಅಲೆಗಳು ಹುಟ್ಟಿಸುವ ಸಣ್ಣ ನಡುಕ ಘಟ್ಟದ ಮೇಲಿನ ಮಾಪಕಕ್ಕೂ ಬರುತ್ತದೆ. ಕೆಡೋದು ಸಿಡಿಲಿಗೆ. ಅದಕ್ಕೇ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ, ಒಂದು ಸಣ್ಣ ಯುಪಿಎಸ್ ಹಾಕಿಸಿ, ಆಮೇಲೆ ಡಬ್ಬಿ ತೆರೆಯಿರಿ.